ಮಕ್ಕಳು ಒಂದು ಕಡೆ ಕೂರುವವರಲ್ಲ, ಜೊತೆಗೆ ಅಜ್ಜಿ: ಏಪ್ರಿಲ್ ರಜೆಗೆ ಯಾವ ಕ್ರೂಸ್ ಹಡಗು?

ಕೋಡಿಬಾಗ
ಐದು ಜನ. ನಾವಿಬ್ಬರು, 13ರ ಮಗಳು, 8ರ ಮಗ, 67ರ ಆಯಿ. ಮಕ್ಕಳಿಬ್ಬರಿಗೂ ಈಜು ಬರ್ತದೆ, ಓಟ, ಹತ್ತುವುದು, ಹಾರುವುದು ಎಲ್ಲ ಬೇಕು. ಆಯಿಗೆ ಮಂಡಿನೋವು, ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಆಗುವುದಿಲ್ಲ. ಮುಂಬೈಯಿಂದ ಹೊರಡುವ ಹಡಗು ಸಾಕೋ, ಸಿಂಗಾಪುರಕ್ಕೇ ಹೋಗಬೇಕೋ? ಎಷ್ಟು ರಾತ್ರಿ? ಬಾಲ್ಕನಿ ಬೇಕೋ? ಏಜೆಂಟರು ಹೇಳುವುದೆಲ್ಲ ಕೋಣೆ ಮತ್ತು ಊಟದ ಬಗ್ಗೆ. ಆಟದ ಬಗ್ಗೆ ಗೊತ್ತಿದ್ದವರು ಹೇಳಿ.

ಬೈತಕೋಲ ದಕ್ಕೆ
ಮೊದಲು ಅಳತೆ ತಲೆಗೆ ಹೋಗಲಿ. ಕಾರವಾರದವರಿಗೆ ನೌಕಾಪಡೆಯ ವಿಕ್ರಮಾದಿತ್ಯ ಹಡಗು ಗೊತ್ತಲ್ಲ, ಅದರ ಉದ್ದ 284 ಮೀಟರ್. ಸಿಂಗಾಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್ 335 ಮೀಟರ್. ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ವರ್ಗದ ಹಡಗುಗಳು 347 ಮೀಟರಿನ ಆಸುಪಾಸು. ಮುಂಬೈಯಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಸುಮಾರು 211 ಮೀಟರ್, 1990ರಲ್ಲಿ ಕಟ್ಟಿದ್ದು.

ಉದ್ದಕ್ಕಿಂತ ಮುಖ್ಯ ತಲೆಗೆ ಸಿಗುವ ಜಾಗ. ಜಾಹೀರಾತಿನಲ್ಲಿ ಬರುವ ಜಿಟಿ ಅಂದರೆ ತೂಕವಲ್ಲ, ಹಡಗಿನ ಒಳಗಿನ ಒಟ್ಟು ಜಾಗದ ಅಳತೆ. ಅದನ್ನು ಕೋಣೆಗೆ ಇಬ್ಬರಂತೆ ಹಿಡಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಗೆಂಟಿಂಗ್ ಡ್ರೀಮ್‌ಗೆ 45, ಕ್ವಾಂಟಮ್ ವರ್ಗಕ್ಕೆ 40, ಎಂಪ್ರೆಸ್‌ಗೆ 30 ಸಿಗ್ತದೆ. ಶಾಲೆ ರಜೆಯಲ್ಲಿ ಒಂದೊಂದು ಕೋಣೆಯಲ್ಲಿ ಮೂರು ನಾಲ್ಕು ಜನ ಇರುವುದರಿಂದ ಈ ಅಂಕಿ ಇನ್ನೂ ಇಳಿಯುತ್ತದೆ. ಈಜುಕೊಳದಲ್ಲಿ ನಿಲ್ಲಲು ಜಾಗ ಉಂಟೋ ಇಲ್ಲವೋ ಅನ್ನುವುದು ಇದರಿಂದಲೇ ತಿಳಿಯುವುದು, ಚಿತ್ರಗಳಿಂದಲ್ಲ.

ಯಾವ ಹಡಗು ಯಾವ ತಿಂಗಳು ಎಲ್ಲಿರ್ತದೆ ಎಂಬುದು ವರ್ಷವರ್ಷ ಬದಲಾಗ್ತದೆ. ಆದ್ದರಿಂದ ಕಂಪನಿಯ ಹೆಸರು ನೋಡಿ ಬುಕ್ ಮಾಡಬೇಡಿ. ಹಡಗಿನ ಹೆಸರು ಹಿಡಿದು ಅದರ ಡೆಕ್ ನಕ್ಷೆ ತೆಗೆಸಿ ನೋಡಿ.

ಯಲ್ಲಾಪುರ ಘಟ್ಟ
ಮೊದಲ ಸಲಕ್ಕೆ ಮುಂಬೈ ಸಾಕು ಮಾರಾಯ್ರೆ. ಗೋವಾ ಅಥವಾ ಲಕ್ಷದ್ವೀಪದ ಸುತ್ತಾದರೆ ವೀಸಾ ಬೇಡ, ವಿಮಾನ ಬೇಡ. ಕಾರವಾರದಲ್ಲಿ ಸಂಜೆ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಿಗ್ಗೆ ಮುಂಬೈ. ಆ ಹಡಗಿನಲ್ಲೂ ಈಜುಕೊಳ, ಹತ್ತುವ ಗೋಡೆ ಎಲ್ಲ ಉಂಟು. ಅಜ್ಜಿಗೆ ಜೈನ ಊಟ ಕೇಳಿದರೆ ಸಿಗ್ತದೆ. ಮಕ್ಕಳಿಗೆ ಸಮುದ್ರ ಒಗ್ಗುತ್ತದೋ ಇಲ್ಲವೋ ಎರಡು ರಾತ್ರಿಯಲ್ಲಿ ಗೊತ್ತಾಗ್ತದೆ.

ಗೋಕರ್ಣ ಗಾಳಿ
ಘಟ್ಟದವರು ಹೇಳಿದ್ದು ಖರ್ಚಿನ ಲೆಕ್ಕಕ್ಕೆ ಸರಿ. ಆದರೆ ಕೇಳಿದ್ದು ಆಟದ ಬಗ್ಗೆ. ಚಿಕ್ಕ ಹಡಗಿನಲ್ಲಿ ಹೊರಗಿನ ಆಟಗಳು ಬೆರಳೆಣಿಕೆ. ಗಾಳಿ ಜೋರಾಗಿ ಹತ್ತುವ ಗೋಡೆ ಮುಚ್ಚಿದರೆ ಆ ದಿನ ಮುಗೀತು. ದೊಡ್ಡದರಲ್ಲಿ ಒಂದು ಮುಚ್ಚಿದರೆ ಇನ್ನೊಂದು.

ದೊಡ್ಡವೆರಡರ ಸ್ವಭಾವವೂ ಬೇರೆ. ಗೆಂಟಿಂಗ್ ಡ್ರೀಮ್‌ನಲ್ಲಿ ಹೆಚ್ಚಿನದೆಲ್ಲ ಮೇಲಿನ ತೆರೆದ ಡೆಕ್ಕಿನಲ್ಲಿ: ನೀರಿನ ಜಾರುಬಂಡಿಗಳು, ಹಗ್ಗದ ಮೇಲೆ ನಡೆಯುವ ಸಾಲು, ಅದರ ತುದಿಗೆ ಜಿಪ್‌ಲೈನ್, ಹತ್ತುವ ಗೋಡೆ, ಬಾಸ್ಕೆಟ್‌ಬಾಲ್ ಅಂಗಳ. ಕ್ವಾಂಟಮ್ ವರ್ಗದಲ್ಲಿ ಫ್ಲೋರೈಡರ್ ಅನ್ನುವ ಕೃತಕ ಅಲೆ ಉಂಟು, ಗಾಜಿನ ಕೊಳವೆಯೊಳಗೆ ಗಾಳಿ ಊದಿ ತೇಲಿಸುವ ಐಫ್ಲೈ ಉಂಟು. ನಾರ್ತ್ ಸ್ಟಾರ್ ಅನ್ನುವ ಗಾಜಿನ ಗೂಡು ಸಮುದ್ರಮಟ್ಟದಿಂದ 300 ಅಡಿ ಎತ್ತರಕ್ಕೆ ಏರ್ತದೆ. ಸೀಪ್ಲೆಕ್ಸ್ ಅನ್ನುವ ಆಟದ ಜಾಗ ಪೂರ್ತಿ ಒಳಾಂಗಣ, ಅಲ್ಲೇ ಡಿಕ್ಕಿ ಕಾರು, ಬಾಸ್ಕೆಟ್‌ಬಾಲ್. ಮಳೆ ಬಂದರೂ ಅದು ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಸಿಂಗಾಪುರದ ಕಡೆ ಮಧ್ಯಾಹ್ನ ಗುಡುಗು ಮಳೆ ಸಾಮಾನ್ಯ, ಮಿಂಚು ಕಂಡ ಕೂಡಲೇ ಮೇಲಿನ ಡೆಕ್ ಖಾಲಿ ಮಾಡಿಸ್ತಾರೆ. ನನಗೆ ಕೇಳಿದರೆ 13 ಮತ್ತು 8 ವಯಸ್ಸಿಗೆ ಕ್ವಾಂಟಮ್ ವರ್ಗ.

ರಾತ್ರಿಗಳ ಲೆಕ್ಕ: ಮೂರು ರಾತ್ರಿ ಅಂದರೆ ಕೈಗೆ ಸಿಗುವುದು ಎರಡೇ ಪೂರ್ತಿ ದಿನ. ಮೊದಲ ದಿನ ಮಧ್ಯಾಹ್ನ ಹತ್ತುವುದು, ಕೊನೆಯ ದಿನ ಬೆಳಿಗ್ಗೆ ಇಳಿಸಿಬಿಡ್ತಾರೆ. ನಾಲ್ಕು ರಾತ್ರಿ ಆದರೆ ಮೂರು ಪೂರ್ತಿ ದಿನ. ಇಷ್ಟು ದೂರ ವಿಮಾನ ಖರ್ಚು ಮಾಡಿ ಹೋಗಿ ಮೂರು ರಾತ್ರಿಗೆ ನಿಲ್ಲಿಸುವುದು ಲಾಭವಲ್ಲ.

ಕೋಡಿಬಾಗ
ಹಾಗಾದರೆ ನಾಲ್ಕು ರಾತ್ರಿ, ಸಿಂಗಾಪುರ ಅಂತಿಟ್ಟುಕೊಳ್ಳುವಾ. ಕೋಣೆ ಹೇಗೆ? ಐದು ಜನಕ್ಕೆ ಒಂದೇ ಕೋಣೆ ಅಂತ ಒಬ್ಬ ಏಜೆಂಟ್ ಹೇಳ್ತಾರೆ.

ಶಿರಸಿ ಪೇಟೆ
ಒಂದೇ ಕೋಣೆ ಬೇಡ ತಮಾ. ಸಾಮಾನ್ಯ ಕೋಣೆ ಹೆಚ್ಚೆಂದರೆ ನಾಲ್ಕು ಜನಕ್ಕೆ. ಅದರಲ್ಲೂ ಮೂರನೆಯ, ನಾಲ್ಕನೆಯ ಹಾಸಿಗೆ ಚಾವಣಿಯಿಂದ ಇಳಿಸುವುದು ಅಥವಾ ಸೋಫಾ ಬಿಡಿಸುವುದು. ಬಿಡಿಸಿದ ಮೇಲೆ ನಡೆಯಲು ಜಾಗ ಇರುವುದಿಲ್ಲ. ಐವರಿಗೆ ಒಂದು ಬಚ್ಚಲು ಅಂದರೆ ಬೆಳಿಗ್ಗೆ ಕ್ಯೂ.

ಎರಡು ಕೋಣೆ ತಗೊಳಿ. ಒಂದರಲ್ಲಿ ಆಯಿ, ಮಗಳು. ಇನ್ನೊಂದರಲ್ಲಿ ನೀವಿಬ್ಬರು, ಮಾಣಿ (ಮಗ). ಒಳಬಾಗಿಲು ಇರುವ ಜೋಡಿ ಕೋಣೆ ಕೇಳಿ, ಅವು ಕಡಿಮೆ ಇರ್ತವೆ, ಬೇಗ ಹೋಗ್ತವೆ. ಸಿಗದಿದ್ದರೆ ಎದುರುಬದುರು: ಆಯಿಗೆ ಬಾಲ್ಕನಿ, ಅದರ ಎದುರಿನ ಒಳಗಿನ ಕೋಣೆ ನಿಮಗೆ. ಹಗಲೆಲ್ಲ ಮೇಲೆ ಓಡಾಡುವವರಿಗೆ ಬಾಲ್ಕನಿ ದುಡ್ಡು ದಂಡ. ಆಯಿ ಮಾತ್ರ ಅಲ್ಲೇ ಕೂತು ಸಮುದ್ರ ನೋಡ್ತಾರೆ, ಜಪ ಮಾಡ್ಕೊಳ್ತಾರೆ. 8ರ ಮಾಣಿ ಬಾಲ್ಕನಿ ಕೋಣೆಯಲ್ಲಿ ಒಬ್ಬನೇ ಇರಬಾರದು, ಅಲ್ಲಿ ಕುರ್ಚಿಯನ್ನು ಕಟಕಟೆಯಿಂದ ದೂರ ಸರಿಸಿಡಿ.

ಬೈತಕೋಲ ದಕ್ಕೆ
ಅಕ್ಕ ಹೇಳಿದ್ದಕ್ಕೆ ಎರಡು ಸೇರಿಸ್ತೇನೆ. ಒಂದು, ಕೋಣೆ ಎಲ್ಲಿರಬೇಕು ಅಂದರೆ ಹಡಗಿನ ನಡುಭಾಗ, ಲಿಫ್ಟಿನ ಹತ್ತಿರ. 335 ಮೀಟರ್ ಉದ್ದದ ಹಡಗಿನಲ್ಲಿ ತುದಿಯ ಕೋಣೆಯಿಂದ ಊಟಕ್ಕೆ ಹೋಗಿಬರುವುದು ಮಂಡಿನೋವಿನವರಿಗೆ ದಿನಕ್ಕೆ ಮೂರು ಸಲದ ಶಿಕ್ಷೆ. ನಡುಭಾಗದಲ್ಲಿ ಓಲಾಟವೂ ಕಡಿಮೆ. ಸ್ಟೆಬಿಲೈಸರ್ ಅಂದರೆ ನೀರಿನೊಳಗೆ ಎರಡು ಬದಿ ಚಾಚುವ ರೆಕ್ಕೆ. ಅದು ಪಕ್ಕಕ್ಕೆ ತೂಗುವುದನ್ನು ತಗ್ಗಿಸ್ತದೆ. ಮೂತಿ ಏರಿ ಇಳಿಯುವುದನ್ನು ತಡೆಯಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಮುಂದಿನ ಹಿಂದಿನ ತುದಿಗಳಲ್ಲಿ ಮೇಲೆ ಕೆಳಗೆ ಆಡುವುದು ಹೆಚ್ಚು.

ಎರಡು, ನಕ್ಷೆಯಲ್ಲಿ ನಿಮ್ಮ ಕೋಣೆಯ ಮೇಲಿನ ಮತ್ತು ಕೆಳಗಿನ ಡೆಕ್ ನೋಡಿ. ಎರಡೂ ಕಡೆ ಕೋಣೆಗಳೇ ಇರಬೇಕು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ಡಿಸ್ಕೋ ಇದ್ದರೆ ನಡುರಾತ್ರಿ ಡಬಡಬ. ತೀರಾ ಮುಂದೆ, ಕೆಳಗಿನ ಡೆಕ್ಕಿನಲ್ಲಿ ದಕ್ಕೆಗೆ ಕಟ್ಟುವ ಹೊತ್ತಿಗೆ ಬೌ ಥ್ರಸ್ಟರ್, ಅಂದರೆ ಮೂತಿಯನ್ನು ಪಕ್ಕಕ್ಕೆ ತಳ್ಳುವ ಯಂತ್ರ, ಗುಡುಗುಟ್ಟುತ್ತದೆ.

ಶರಾವತಿ ದಂಡೆ
ಓಲಾಟದ ಮಾತು ಬಂದದ್ದಕ್ಕೆ: ಸಿಂಗಾಪುರದ ಕಡೆಯ ಮಲಾಕ್ಕಾ ಜಲಸಂಧಿ ಎರಡು ಬದಿ ನೆಲ ಇರುವ ನೀರು, ದೊಡ್ಡ ಅಲೆ ಬೆಳೆಯಲು ಅಲ್ಲಿ ಜಾಗವಿಲ್ಲ. ಅರಬ್ಬಿ ಸಮುದ್ರ ಹಾಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಬೋಟುಗಳೇ ದಡದಲ್ಲಿರ್ತವೆ, ಆಗ ಈ ಕಡೆ ಕ್ರೂಸ್ ಯೋಚನೆಯೇ ಬೇಡ. ಏಪ್ರಿಲ್ ಎರಡೂ ಕಡೆ ತಕ್ಕಮಟ್ಟಿಗೆ ಶಾಂತ.

ಕಣ್ಣು ನಿಂತಿದೆ ಅನ್ನುವಾಗ ಒಳಕಿವಿ ಅಲುಗಿದೆ ಅನ್ನುತ್ತದೆ, ಆ ಜಗಳವೇ ವಾಂತಿ. ಮಾತ್ರೆಯನ್ನು ವಾಕರಿಕೆ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ತಗೊಳ್ಳಬೇಕು. ಸಿನ್ನರಿಜಿನ್, ಪ್ರೊಮೆಥಜಿನ್ ಎರಡೂ ನಿದ್ದೆ ತರಿಸುವ ಔಷಧಿಗಳು. ನಿದ್ದೆಗಣ್ಣಲ್ಲಿ ಮಕ್ಕಳನ್ನು ಹತ್ತುವ ಗೋಡೆಗೆ ಬಿಡಬೇಡಿ. ಮಗನ ಪ್ರಮಾಣ, ಅಜ್ಜಿಯ ಬಿಪಿ ಮಾತ್ರೆ ಜೊತೆ ಹೊಂದುತ್ತದೋ ಇಲ್ಲವೋ ಎಂಬುದು ಡಾಕ್ಟರ ಹತ್ತಿರವೇ ಕೇಳಬೇಕಾದ್ದು. ಶುಂಠಿ ಚೂರು, ದಿಗಂತ ನೋಡುತ್ತ ಡೆಕ್ಕಿನಲ್ಲಿ ನಿಲ್ಲುವುದು, ಖಾಲಿ ಹೊಟ್ಟೆ ಬಿಡದಿರುವುದು, ಇವು ಯಾರಿಗಾದರೂ ಆಗ್ತದೆ. ಕೋಣೆಯೊಳಗೆ ಮೊಬೈಲ್ ನೋಡ್ತಾ ಮಲಗಿದರೆ ಕೆಟ್ಟಿತು.

ಹೊಟ್ಟೆ ಕೆಡಿಸುವ ನೊರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ಬಫೆಯಲ್ಲಿ ಸೌಟು ಮುಟ್ಟಿದ ಕೈಯಿಂದ ಉಣ್ಣುವವರು ನಾವು. ತಟ್ಟೆ ತುಂಬಿಕೊಂಡ ಮೇಲೆ ಇನ್ನೊಮ್ಮೆ ತೊಳೆದು ಬಂದು ಕೂರಿ.

ಕೋಡಿಬಾಗ
ಇದು ಯಾರೂ ಹೇಳಿರಲಿಲ್ಲ. ಆಟಗಳಿಗೆ ಬೇರೆ ದುಡ್ಡೋ? ಎಲ್ಲ ಮಾಡಿ ಮುಗಿಸಲು ಆಗ್ತದೋ?

ಗೋಕರ್ಣ ಗಾಳಿ
ಹತ್ತುವ ಗೋಡೆ, ಈಜುಕೊಳ, ಫ್ಲೋರೈಡರ್‌ನ ಸಾಮಾನ್ಯ ಸರದಿ ಇವೆಲ್ಲ ಟಿಕೆಟಿನಲ್ಲೇ ಸೇರಿರ್ತವೆ. ಕೆಲವಕ್ಕೆ ಹಡಗು, ಪ್ರಯಾಣ ನೋಡಿ ಬೇರೆ ಹಣ ಇರಬಹುದು. ಬುಕ್ ಮಾಡುವಾಗಲೇ ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. ವಿಡಿಯೋ ಗೇಮ್ ಕೋಣೆ ಮಾತ್ರ ಕಾರ್ಡ್ ಉಜ್ಜಿದಷ್ಟು ಬಿಲ್. ಕೋಣೆಯ ಕೀಲಿ ಕಾರ್ಡೇ ಹಡಗಿನಲ್ಲಿ ದುಡ್ಡಿನ ಕಾರ್ಡೂ ಹೌದು. ಹತ್ತಿದ ದಿನವೇ ಕೌಂಟರಿಗೆ ಹೋಗಿ ಮಕ್ಕಳ ಕಾರ್ಡಿನ ಖರ್ಚನ್ನು ಸೊನ್ನೆ ಮಾಡಿಸಿ.

ಕ್ರಮ ಹೀಗಿಟ್ಟುಕೊಳ್ಳಿ. ಹಡಗು ಹತ್ತುವ ಸರದಿಯಲ್ಲಿ ಆದಷ್ಟು ಬೇಗದ್ದು ಆರಿಸಿ. ದೊಡ್ಡ ಚೀಲಗಳು ಕೋಣೆಗೆ ಬರುವುದು ಸಂಜೆಗೆ, ಆದ್ದರಿಂದ ಈಜುಡುಗೆ, ಕಾಲುಚೀಲ, ಮುಚ್ಚಿದ ಶೂ, ಔಷಧಿ, ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ಬೆನ್ನುಚೀಲ ಹೊತ್ತವರೆಲ್ಲ ಮೊದಲು ಬಫೆಗೆ ನುಗ್ಗುತ್ತಾರೆ. ನೀವು ಫೋನ್ ತೆಗೆದು ಹಡಗಿನ ಆ್ಯಪ್‌ನಲ್ಲಿ ಐಫ್ಲೈ, ನಾಟಕ, ನಾರ್ತ್ ಸ್ಟಾರ್ ಸರದಿ ಹಿಡಿಯಿರಿ. ಆ್ಯಪ್ ಊರಿನಲ್ಲೇ ಇಳಿಸಿಕೊಂಡಿರಬೇಕು.

ಹೊರಗಿನ ಆಟ ಮೊದಲು, ಒಳಗಿನದು ಆಮೇಲೆ. ಗಾಳಿ ಯಾವಾಗ ಏಳ್ತದೆ ಹೇಳಲಾಗದು. ಹಡಗು 20 ನಾಟ್ ಅಂದರೆ ಗಂಟೆಗೆ 37 ಕಿ.ಮೀ. ಓಡುವಾಗ ಎದುರುಗಾಳಿ ಇದ್ದರೆ ಮೇಲಿನ ಡೆಕ್ಕಿನಲ್ಲಿ ಎರಡೂ ಕೂಡಿಕೊಳ್ತವೆ, ಹತ್ತುವ ಗೋಡೆ, ಜಿಪ್‌ಲೈನ್, ನಾರ್ತ್ ಸ್ಟಾರ್ ಮುಚ್ತಾರೆ. ಹಡಗು ಜಾಸ್ತಿ ಆಡಿದರೆ ಕೊಳದ ನೀರು ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರ್ತದೆ, ಆಗ ಬಲೆ ಹಾಕಿಬಿಡ್ತಾರೆ.

ಎಲ್ಲಕ್ಕಿಂತ ಉಪಾಯದ ಮಾತು: ಬಂದರಿನ ದಿನ ಇಳಿಯಬೇಡಿ. ಮುಕ್ಕಾಲು ಪಾಲು ಜನ ಇಳಿದುಹೋಗಿರ್ತಾರೆ, ಫ್ಲೋರೈಡರ್ ಸಾಲಿನಲ್ಲಿ ನಾಲ್ಕೇ ಮಂದಿ. ಬೇರೆ ದಿನ ಒಂದು ತಾಸಿನಲ್ಲಿ ಎರಡು ಸರದಿ ಸಿಕ್ಕರೆ ಆ ದಿನ ಹತ್ತು ಸಿಗ್ತದೆ.

ಯಲ್ಲಾಪುರ ಘಟ್ಟ
ಇದಕ್ಕೆ ನನ್ನ ವಿರೋಧ ಉಂಟು. ಮಲೇಷ್ಯಾದ ಪೆನಾಂಗಿಗೆ ಹೋಗಿ ಹಡಗಿನಲ್ಲೇ ಕೂರುವುದೋ? ಅಲ್ಲಿ ಹಡಗು ಕಟ್ಟುವ ಸ್ವೆಟೆನ್‌ಹ್ಯಾಮ್ ದಕ್ಕೆಯಿಂದ ಜಾರ್ಜ್‌ಟೌನ್ ಹಳೇ ಪೇಟೆ ನಡೆದು ಹೋಗುವ ದೂರ. ಯುನೆಸ್ಕೋ ಪಟ್ಟಿಗೆ 2008ರಲ್ಲಿ ಸೇರಿದ ಊರು. ಅಲ್ಲಿಯ ಲಿಟಲ್ ಇಂಡಿಯಾದಲ್ಲಿ ಬಾಳೆಎಲೆ ಊಟ, ದೋಸೆ ಸಿಗ್ತದೆ. ಪೆನಾಂಗ್ ಗುಡ್ಡಕ್ಕೆ ಹಳಿ ಮೇಲೆ ಹತ್ತುವ ಫ್ಯುನಿಕ್ಯುಲರ್ ಗಾಡಿ ಉಂಟು, ಅಜ್ಜಿಯೂ ಹತ್ತಬಹುದು.

ಗೋಕರ್ಣ ಗಾಳಿ
ಪೆನಾಂಗ್ ಒಪ್ಪಿದೆ. ನಾನು ಹೇಳಿದ್ದು ಪೋರ್ಟ್ ಕ್ಲಾಂಗ್‌ನಂಥ ಕಡೆಗೆ. ಅಲ್ಲಿಂದ ಕೌಲಾಲಂಪುರ 40 ಕಿ.ಮೀ.ಗೂ ಮೇಲೆ, ರಸ್ತೆಯಲ್ಲಿ ಹೋಗಿಬರುವುದಕ್ಕೇ ಎರಡು ಮೂರು ತಾಸು ಹೋಗ್ತದೆ. ಇಳಿಯುವ ಸಾಲು, ತಪಾಸಣೆ ಬೇರೆ. ಮಕ್ಕಳು ಬಸ್ಸಿನ ಕಿಟಕಿ ನೋಡಿ ವಾಪಸ್ ಬರ್ತಾರೆ.

ಬೈತಕೋಲ ದಕ್ಕೆ
ಇಳಿಯುವವರಿಗೆ ಒಂದೇ ಎಚ್ಚರ, ಗಡಿಯಾರ. ಸಿಂಗಾಪುರ, ಮಲೇಷ್ಯಾ ಒಂದೇ ವೇಳೆ. ಥಾಯ್ಲೆಂಡಿನ ಫುಕೆಟ್ ಒಂದು ತಾಸು ಹಿಂದೆ. ಹಡಗು ತನ್ನ ಗಡಿಯಾರ ಬದಲಿಸುತ್ತದೋ ಇಲ್ಲವೋ ಎಂಬುದನ್ನು ದಿನದ ಪತ್ರಿಕೆಯಲ್ಲಿ ಹಾಕ್ತಾರೆ. ಮೊಬೈಲ್ ಮಾತ್ರ ದಡದ ಟವರ್ ಹಿಡಿದು ತಾನೇ ಬದಲಾಗಿಬಿಡ್ತದೆ. ಹಡಗು ಸಿಂಗಾಪುರದ ವೇಳೆಯಲ್ಲೇ ಇದ್ದು ನೀವು ಫುಕೆಟ್ ವೇಳೆ ನೋಡಿಕೊಂಡು ಬಂದರೆ ಒಂದು ತಾಸು ತಡ. ಕೈಗಡಿಯಾರವನ್ನು ಹಡಗಿನ ವೇಳೆಗೆ ಇಟ್ಟು ಮುಟ್ಟಬೇಡಿ. ಕಂಪನಿಯ ಪ್ರವಾಸದಲ್ಲೇ ಹೋದವರು ತಡವಾದರೆ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿಯವರಿಗೆ ಕಾಯುವುದಿಲ್ಲ.

ಇನ್ನೊಂದು ವಿಷಯಕ್ಕೆ ಅಸಡ್ಡೆ ಬೇಡ. ಹೊರಡುವ ಮೊದಲಿನ ಸುರಕ್ಷತೆ ಕವಾಯತು. 2012ರ ಕೋಸ್ಟಾ ಕಾಂಕಾರ್ಡಿಯಾ ಕ್ರೂಸ್ ಹಡಗಿನ ದುರಂತದ ನಂತರ ಅದು ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಆಗಬೇಕೆಂದು ನಿಯಮ ಬಿಗಿಯಾಯಿತು. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೋ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಮುಗೀತು. ಮೊದಲ ಅರ್ಧ ಗಂಟೆಯಲ್ಲೇ ಮುಗಿಸಿದರೆ ಮಧ್ಯಾಹ್ನ ಪೂರ್ತಿ ನಿಮ್ಮದು. ಏಳು ಗಿಡ್ಡ, ಒಂದು ಉದ್ದ ಸೀಟಿ ಅಪಾಯದ ಕರೆ, ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಮಗನಿಗೆ ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಲ್ಲಿ ಎಂದು ಆಗಲೇ ಕೇಳಿಟ್ಟುಕೊಳ್ಳಿ.

ಶಿರಸಿ ಪೇಟೆ
ಗಂಟುಮೂಟೆಯ ವಿಷಯಕ್ಕೆ ಬರ್ತೆ.

ಆಯಿಯ ಊಟ: ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಬೇಕು ಎಂದು ಬುಕ್ ಮಾಡುವಾಗಲೇ ಬರೆಸಿ, ಉತ್ತರ ಲಿಖಿತದಲ್ಲಿ ತಗೊಳಿ. 'ಸಸ್ಯಾಹಾರ' ಅಂತ ಮಾತ್ರ ಬರೆಸಿದರೆ ಈರುಳ್ಳಿ ಬಂದೇ ಬರ್ತು. 'ಜೈನ ಊಟ' ಅಂದರೆ ಅಡುಗೆಮನೆಗೆ ತಿಳೀತು, ಆದರೆ ಅದರಲ್ಲಿ ಆಲೂಗಡ್ಡೆ, ಕ್ಯಾರೆಟ್ ಕೂಡ ಇರದು. ಹತ್ತಿದ ದಿನ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಮರುದಿನದ್ದನ್ನು ಹಿಂದಿನ ರಾತ್ರಿಯೇ ಹೇಳಬೇಕು. ಮನೆಯಲ್ಲಿ ಮಾಡಿದ ಅನ್ನ, ಪಲ್ಯದಂಥದ್ದನ್ನು ಹಡಗಿಗೆ ಬಿಡುವುದು ಕಷ್ಟ. ಅಂಗಡಿಯ ಸೀಲ್ ಇದ್ದ ಒಣ ತಿಂಡಿಗೆ ತೊಂದರೆ ಕಡಿಮೆ. ತೊಡೆದೇವು ಒಯ್ಯಬೇಡಿ, ಹುಡಿಯಾಗಿ ಚೀಲದ ತುಂಬ ಬೆಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಚೀಲದಲ್ಲಿ, ಎರಡು ಪ್ಲಾಸ್ಟಿಕ್ ಸುತ್ತಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲೇ ಹೋಗ್ತು. ಒಣ ಕೊಬ್ಬರಿ ವಿಮಾನಕ್ಕೆ ಬೇಡ, ಎಣ್ಣೆಯಿಂದ ತಾನೇ ಕಾವು ಏರಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ. ಕವಳದ (ಎಲೆಅಡಿಕೆಯ) ಸಂಚಿಯಲ್ಲಿ ಹೊಗೆಸೊಪ್ಪು ಇದ್ದರೆ ಮನೆಯಲ್ಲೇ ಬಿಡಿ, ಸಿಂಗಾಪುರಕ್ಕೆ ಜಗಿಯುವ ತಂಬಾಕು ಒಯ್ಯುವುದು ನಿಷಿದ್ಧ. ಚೂಯಿಂಗ್ ಗಮ್ ಕೂಡ. ಮುಂದೆಂದಾದರೂ ದುಬೈ ಕಡೆಯ ಕ್ರೂಸಿಗೆ ಹೋದರೆ ಗಸಗಸೆ ಮುಟ್ಟಬೇಡಿ, ಮಸಾಲೆ ಪುಡಿಯೊಳಗಿದ್ದರೂ ಕಷ್ಟ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಊದುಬತ್ತಿ, ಮೇಣದ ಬತ್ತಿ ಹಡಗಿನಲ್ಲಿ ತೆಗೆದಿಟ್ಟುಕೊಳ್ತಾರೆ. ಬೆಂಕಿಯ ಭಯ. ಆಯಿಯ ದೀಪಕ್ಕೆ ಬ್ಯಾಟರಿಯದ್ದು. ನಮ್ಮ ದುಂಡು ಮೂರು ಕಾಲಿನ ಪ್ಲಗ್ ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು. ಕೋಣೆಯ ಗೋಡೆ ಹೆಚ್ಚಾಗಿ ಉಕ್ಕು, ಅಯಸ್ಕಾಂತದ ಕೊಕ್ಕೆ ಆರು ಒಯ್ದರೆ ಒದ್ದೆ ಬಟ್ಟೆ ತೂಗುಹಾಕಲು ಆಗ್ತು.

ಈಜುಡುಗೆ ತಲೆಗೆ ಎರಡು ಜೊತೆ, ನೈಲಾನಿನದ್ದು. ಹತ್ತಿ ಬಟ್ಟೆ ಏಸಿ ಕೋಣೆಯಲ್ಲಿ ಮರುದಿನವೂ ಒಣಗದು. ಬಳೆ, ಗೆಜ್ಜೆ, ಸರ, ತಾಳಿ ಎಲ್ಲ ಫ್ಲೋರೈಡರ್, ಐಫ್ಲೈ ಮೊದಲು ತೆಗೆಯಬೇಕು. ಕೋಣೆಯ ತಿಜೋರಿಯಲ್ಲಿಡಿ, ಡೆಕ್ಕಿನ ಕುರ್ಚಿ ಮೇಲಲ್ಲ.

ಕೋಡಿಬಾಗ
ಅಕ್ಕ, ಹೊಗೆಸೊಪ್ಪಿನ ಮಾತು ಆಯಿಗೆ ಓದಿ ಹೇಳಬೇಕು :) ಕಾಗದ ಪತ್ರದ ಬಗ್ಗೆ ಯಾರಾದರೂ?

ಶರಾವತಿ ದಂಡೆ
ಪಾಸ್‌ಪೋರ್ಟಿಗೆ ವಾಪಸಾಗುವ ದಿನದ ಮೇಲೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ಚಿಕ್ಕ ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುವುದು, ದೊಡ್ಡವರದ್ದು ನೋಡಿ ಸುಮ್ಮನಾಗಬೇಡಿ. ಸಿಂಗಾಪುರ ವೀಸಾ ಅಧಿಕೃತ ಏಜೆಂಟರ ಮೂಲಕ. ಹಡಗು ಸಿಂಗಾಪುರ ಬಿಟ್ಟು ಮತ್ತೆ ಅಲ್ಲಿಗೇ ಬರುವುದರಿಂದ ಒಂದೇ ಪ್ರವೇಶದ ವೀಸಾ ಸಾಲದು, ಒಂದಕ್ಕಿಂತ ಹೆಚ್ಚು ಸಲದ್ದು ಬೇಕು. ಇಲ್ಲೇ ತಪ್ಪುವುದು ಹೆಚ್ಚು. ಸಿಂಗಾಪುರದ ಅರೈವಲ್ ಕಾರ್ಡ್ ತಲುಪುವ ಮೂರು ದಿನದೊಳಗೆ ಅವರ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ತುಂಬುವುದು. ದುಡ್ಡು ಕೇಳಿದರೆ ಅದು ಬೇರೆ ಯಾರದೋ ತಾಣ. ಮಲೇಷ್ಯಾ, ಥಾಯ್ಲೆಂಡ್ ಕೂಡ ಅಂಥದೇ ಡಿಜಿಟಲ್ ಕಾರ್ಡ್ ಇಟ್ಟಿವೆ, ಹಡಗಿನವರಿಗೆ ಬೇಕೋ ಬೇಡವೋ ಕಂಪನಿಯಿಂದ ತಿಳಿದುಕೊಳ್ಳಿ.

ವಿಮೆಯಲ್ಲಿ ಕ್ರೂಸ್ ಎಂಬ ಶಬ್ದ ಇರಬೇಕು, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರಬೇಕು. ಅಜ್ಜಿಯ ಮಂಡಿ, ಬಿಪಿ ಮುಚ್ಚಿಡದೆ ಬರೆಸಿ. ವಿದೇಶಿ ಪ್ಯಾಕೇಜಿಗೆ ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡೀತಾರೆ, ಯಾರ ಪ್ಯಾನ್ ಕೊಡ್ತೀರೋ ಅವರ ರಿಟರ್ನಿನಲ್ಲಿ ಅದು ಜಮೆ. ಟಿಪ್ಸ್ ಬೇರೆ: ಕೆಲವು ಹಡಗಿನಲ್ಲಿ ತಲೆಗೆ ದಿನಕ್ಕೆ 18 ಡಾಲರ್ ಆಸುಪಾಸು, ಮಕ್ಕಳಿಗೂ ಅಷ್ಟೇ. ಐದು ಜನ, ನಾಲ್ಕು ರಾತ್ರಿ ಅಂದರೆ 360 ಡಾಲರ್. ಏಜೆಂಟರ ದರಪಟ್ಟಿಯಲ್ಲಿ ಅದು ಸೇರಿದೆಯೋ ಇಲ್ಲವೋ ನೋಡಿ.

ಬೈತಕೋಲ ದಕ್ಕೆ
ಹೊರಡುವಾಗ: ಪಂಚಗಂಗಾ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಸಿಂಗಾಪುರ ನೇರ ವಿಮಾನ ನಾಲ್ಕೂವರೆ ತಾಸು. ನಮಗಿಂತ ಎರಡೂವರೆ ತಾಸು ಮುಂದೆ ಆ ಊರು. ಹಡಗು ಹೊರಡುವ ದಿನವೇ ಇಳಿಯುವ ಲೆಕ್ಕ ಹಾಕಬೇಡಿ, ಹಿಂದಿನ ದಿನ ತಲುಪಿ ಮಲಗಿ. ತಪಾಸಣೆಯ ಬಾಗಿಲು ಹಡಗು ಬಿಡುವ ತಾಸು, ಒಂದೂವರೆ ತಾಸು ಮೊದಲೇ ಮುಚ್ತಾರೆ. ಏಪ್ರಿಲ್ ಬಿಟ್ಟು ಮಳೆಗಾಲಕ್ಕೆ ಹಾಕಿದರೆ ಇನ್ನೂ ಒಂದು ದಿನ ಕೈಯಲ್ಲಿರಲಿ. ಕೊಂಕಣ ರೈಲು ಆಗ ನಿಧಾನದ ವೇಳಾಪಟ್ಟಿಯಲ್ಲಿ ಓಡ್ತದೆ. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದಾಗಿದ್ದು ಎಲ್ಲರಿಗೂ ನೆನಪಿರಬೇಕು.

ದಡ ಬಿಟ್ಟ ಮೇಲೆ ಫೋನ್ ಏರ್‌ಪ್ಲೇನ್ ಮೋಡಿನಲ್ಲಿ. ಹಡಗಿನದೇ ಒಂದು ಟವರ್ ಇರ್ತದೆ, ಅದನ್ನು ಹಿಡಿದರೆ ಬಿಲ್ ನೋಡಿ ತಲೆ ತಿರುಗ್ತದೆ.

ಗೋಕರ್ಣ ಗಾಳಿ
ಒಂದು ಬಾಕಿ. ಮಕ್ಕಳ ಎತ್ತರ ಎಷ್ಟು? ಫ್ಲೋರೈಡರ್‌ನಲ್ಲಿ ಮಲಗಿ ಜಾರಲು 52 ಇಂಚು ಅಂದರೆ 132 ಸೆಂ.ಮೀ., ನಿಂತು ಜಾರಲು 58 ಇಂಚು ಅಂದರೆ 147 ಸೆಂ.ಮೀ. ಬೇಕು. ಇವತ್ತೇ ಗೋಡೆಗೆ ನಿಲ್ಲಿಸಿ ಅಳೆಯಿರಿ, ಆಮೇಲೆ ಹಡಗು ಆರಿಸಿ.

ಕೋಡಿಬಾಗ
ಮಗಳು 151. ಮಗ 130 :( ಶೂ ಹಾಕಿದರೆ 132 ದಾಟ್ತಾನೆ.

ಗೋಕರ್ಣ ಗಾಳಿ
ಅಲೆಯ ಮೇಲೆ ಬರಿಗಾಲು, ಅಳೆಯುವುದೂ ಬರಿಗಾಲಲ್ಲೇ. ಏಪ್ರಿಲ್‌ಗೆ ಇನ್ನೂ ತಿಂಗಳುಗಳಿವೆ, ಆ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುತ್ತಾರೆ. ಕೊನೆಯ ಕಂತು ಕಟ್ಟುವ ಮೊದಲು ಇನ್ನೊಮ್ಮೆ ಅಳೆದು ನೋಡಿ.